ಡಾಂಬರು ಮುಗಿದ ಮೇಲೆ 60 ಕಿಲೋಮೀಟರ್: ಮಲೆನಾಡಿನ ಗ್ರಾವೆಲ್ ರೈಡ್ ಗೆಲ್ಲುವ ಸೂತ್ರಗಳು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಡಾಂಬರು ಎಲ್ಲಿ ಮುಗಿಯುತ್ತದೋ ಟ್ರಾಫಿಕ್ಕೂ ಅಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಮ್ಮಣ್ಣಿನ ದಾರಿ. ಎರಡೂ ಬದಿ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಕೆಳಗೆ ಕಣಿವೆಯಲ್ಲಿ ಗದ್ದೆ, ಮೇಲೆ ಕಾಡು. ತೋಟದ ಕೆಲಸದವರನ್ನು ಕರೆದೊಯ್ಯುವ ಒಂದು ಪಿಕಪ್, ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಬೈಕ್, ಅಷ್ಟೇ ನಿಮಗೆ ಎದುರಾಗುವ ವಾಹನಗಳು. ಸಿಗ್ನಲ್ ಇಲ್ಲ, ಹಾರ್ನ್ ಇಲ್ಲ, ಪಕ್ಕಕ್ಕೆ ಒತ್ತುವ ಬಸ್ಸಿಲ್ಲ.

ಇಂಥ ದಾರಿಗೆಂದೇ ರೂಪುಗೊಂಡ ಸೈಕಲ್ ಗ್ರಾವೆಲ್ ಬೈಕ್. ನೋಡಲು ರೋಡ್ ಬೈಕಿನಂತೆ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರ್, ಹಗುರ ಗೇರ್, ಡಿಸ್ಕ್ ಬ್ರೇಕ್. ಇದು ಇಂದು ಜಗತ್ತಿನಾದ್ಯಂತ ಬೆಳೆಯುತ್ತಿರುವ ಕ್ರೀಡೆ. ಇಟಲಿಯ ಕಿಯಾಂಟಿ ಸೀಮೆಯ ಬಿಳಿ ಮಣ್ಣಿನ ರಸ್ತೆಗಳಿಗೆ ಡಾಂಬರು ಬೀಳದಂತೆ ಉಳಿಸಿಕೊಳ್ಳಬೇಕೆಂದು 1997ರಲ್ಲಿ 'ಎರೋಯಿಕಾ' ಎಂಬ ಸೈಕಲ್ ಸವಾರಿ ಶುರುವಾಯಿತು. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಲ್ಲಿ ಆರಂಭವಾದ, ಈಗ 'ಅನ್‌ಬೌಂಡ್ ಗ್ರಾವೆಲ್' ಎಂದು ಹೆಸರಾಗಿರುವ ರೇಸ್‌ನ ಮುಖ್ಯ ದೂರ 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್. 2022ರಿಂದ ಗ್ರಾವೆಲ್‌ಗೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತಿದೆ. ಕರ್ನಾಟಕಕ್ಕೂ ಸೈಕ್ಲಿಂಗ್ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ.

ನೀವು ಕಾಲೇಜಿನಲ್ಲಿರಬಹುದು, ಆಫೀಸಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವವರಿರಬಹುದು. ನಿಮ್ಮ ಟಾರ್ಗೆಟ್ ಇದು: ಮಲೆನಾಡಿನ ಮಣ್ಣುದಾರಿಯಲ್ಲಿ ಒಂದೇ ದಿನ 60 ಕಿಲೋಮೀಟರ್, ಸುಮಾರು 1,000 ಮೀಟರ್ ಏರು. ತಯಾರಿಗೆ 12 ವಾರ. ವೈದ್ಯರು ಬೇಡ ಎಂದಿರದಿದ್ದರೆ ಇದು ನಿಮ್ಮಿಂದ ಆಗುತ್ತದೆ. 'ನನ್ನ ಕೈಲಿ ಆಗುತ್ತಾ?' ಎಂಬ ಪ್ರಶ್ನೆ ಒಂದು ಅಭ್ಯಾಸ. ಅದರ ಜಾಗಕ್ಕೆ 'ಈ ವಾರ ಏನು ಮಾಡಬೇಕು?' ಎಂಬ ಪ್ರಶ್ನೆ ತನ್ನಿ. ಉತ್ತರಗಳು ಕೆಳಗಿವೆ.

1. ಮೊದಲು ತಾರೀಖು, ಆಮೇಲೆ ಸೈಕಲ್

ಕ್ಯಾಲೆಂಡರ್ ತೆಗೆಯಿರಿ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುವಿನ ಒಂದು ಶನಿವಾರಕ್ಕೆ ಗುರುತು ಹಾಕಿ. ರಜೆ ಈಗಲೇ ಅಪ್ಲೈ ಮಾಡಿ. ಜೊತೆಗೆ ಬರುವ ಒಬ್ಬ ಗೆಳೆಯನಿಗೋ ಗೆಳತಿಗೋ ಈಗಲೇ ಹೇಳಿ. ತಾರೀಖಿಲ್ಲದ ಆಸೆ ಸೈಕಲ್ ಅಂಗಡಿಯ ವೆಬ್‌ಸೈಟ್ ನೋಡುವುದರಲ್ಲೇ ಮುಗಿದುಹೋಗುತ್ತದೆ.

ಈ ಸೀಸನ್ನೇ ಯಾಕೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯಲ್ಲಿ ಧರೆ ಕುಸಿಯುತ್ತದೆ, ಹಳ್ಳ ತುಂಬುತ್ತದೆ, ಮರ ಅಡ್ಡ ಬೀಳುತ್ತದೆ. ಅನುಭವಿಗಳೂ ಆಗ ಯೋಚಿಸಿ ಹೊರಡುತ್ತಾರೆ. ನವೆಂಬರ್ ಹೊತ್ತಿಗೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಕಾಫಿ ಕೊಯ್ಲು ನಡೆಯುತ್ತಿರುವುದರಿಂದ ತೋಟಗಳಲ್ಲಿ ಜನ ಇರುತ್ತಾರೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ದಾರಿ ಕೇಳಬಹುದು, ನೀರು ಕೇಳಬಹುದು, ಬಿದ್ದರೆ ಕೂಗಬಹುದು.

2. ದೂರವನ್ನಲ್ಲ, ಏರನ್ನು ಅಳೆಯಿರಿ

ಹೈವೇಯ 60 ಕಿಲೋಮೀಟರೇ ಬೇರೆ, ಇಲ್ಲಿನ 60 ಕಿಲೋಮೀಟರೇ ಬೇರೆ. ಒಳ್ಳೆಯ ಡಾಂಬರಿನಲ್ಲಿ ಗಂಟೆಗೆ 22 ಕಿಲೋಮೀಟರ್ ಓಡಿಸುವವರು ಏರಿಳಿತದ ಮಣ್ಣುದಾರಿಯಲ್ಲಿ 12ಕ್ಕೆ ಇಳಿಯುತ್ತಾರೆ. ಹಾಗಾಗಿ ಐದು ಗಂಟೆ ಪೆಡಲ್, ಒಂದೆರಡು ಗಂಟೆ ವಿರಾಮ ಎಂದು ಪ್ಲ್ಯಾನ್ ಮಾಡಿ. 1,000 ಮೀಟರ್ ಏರು ಎಂದರೆ ಎಷ್ಟು? ಚಿಕ್ಕಮಗಳೂರು ಪೇಟೆಯಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನೆತ್ತಿಗೆ ಎಂಟುನೂರು ಮೀಟರಿಗೂ ಹೆಚ್ಚು ಏರಿದೆ. ನಿಮ್ಮದು ಅದಕ್ಕಿಂತ ತುಸು ಜಾಸ್ತಿ. ಆದರೆ ಒಂದೇ ಸಲಕ್ಕೆ ಅಲ್ಲ, ದಿನವಿಡೀ ಹಂಚಿಕೊಂಡು.

ಸರ್ವೆ ಆಫ್ ಇಂಡಿಯಾದ 1:50,000 ಸ್ಕೇಲಿನ ನಕ್ಷೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವುಗಳಲ್ಲಿ ಕಂದು ಬಣ್ಣದ, ಅಕ್ಕಪಕ್ಕದ ಎರಡು ಎತ್ತರದ ಗೆರೆಗಳ ನಡುವಿನ ಏರು 20 ಮೀಟರ್. ನಿಮ್ಮ ದಾರಿ ಹತ್ತು ಗೆರೆ ದಾಟಿ ಮೇಲೆ ಹೋಯಿತೆಂದರೆ 200 ಮೀಟರ್ ಏರು. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಸೈಕಲ್ ತಳ್ಳಬೇಕಾದೀತು. ಮ್ಯಾಪ್ ಆ್ಯಪ್ ತಾನಾಗಿಯೇ ಲೆಕ್ಕ ಹಾಕಿಕೊಡುತ್ತದೆ, ನಿಜ. ಆದರೂ ಒಮ್ಮೆ ನೀವೇ ಎಣಿಸಿ. ಕಣಿವೆ ಎಲ್ಲಿದೆ, ಹಳ್ಳ ಎಲ್ಲಿ ದಾಟುತ್ತೀರಿ, ಕೊನೆಯ ಏರು ಎಲ್ಲಿ ಕಾದಿದೆ ಎಂಬುದು ತಲೆಯಲ್ಲಿ ಕೂರುತ್ತದೆ. ಫೋನ್ ಸತ್ತ ಮೇಲೆ ಉಳಿಯುವುದು ಅದೇ.

3. ಇರುವ ಸೈಕಲ್ ಸಾಕು, ಟೈರ್‌ಗೆ ಖರ್ಚು ಮಾಡಿ

'ಗ್ರಾವೆಲ್ ಬೈಕ್ ತಗೊಂಡ ಮೇಲೆ ಶುರು ಮಾಡ್ತೀನಿ' ಎನ್ನಬೇಡಿ. ನಿಮ್ಮ ಹೈಬ್ರಿಡ್ ಅಥವಾ ಹಳೆಯ ಎಂಟಿಬಿ (ಮೌಂಟನ್ ಬೈಕ್) ಸಾಕು. ಫ್ರೇಮ್ ಮತ್ತು ಫೋರ್ಕ್‌ನಲ್ಲಿ ಎಷ್ಟು ದಪ್ಪದ ಟೈರ್ ಹಿಡಿಯುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ಅಳತೆ ಮಾಡಿಸಿ. 40 ಮಿಲಿಮೀಟರ್ ಆಸುಪಾಸಿನ, ಬದಿಯಲ್ಲಿ ಗುಬಟು ಇರುವ ಟೈರ್ ಹಾಕಿಸಿ. ನೆಲಕ್ಕೂ ನಿಮಗೂ ನಡುವೆ ಇರುವುದು ಟೈರ್ ಒಂದೇ. ಕಾರ್ಬನ್ ಫ್ರೇಮ್, ದುಬಾರಿ ಜೆರ್ಸಿ, ಪವರ್ ಮೀಟರ್ ಯಾವುದೂ ಜಲ್ಲಿಯ ಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸುವುದಿಲ್ಲ.

4. ಗಾಳಿ ಕಡಿಮೆ ಮಾಡಿ

ಇಡೀ ಪಟ್ಟಿಯಲ್ಲಿ ಕಾಸು ಖರ್ಚಿಲ್ಲದೆ ಅತಿ ಹೆಚ್ಚು ಲಾಭ ಕೊಡುವ ಸೂತ್ರ ಇದು. ಆದರೂ ಬಹಳ ಜನ ಇದನ್ನೇ ಕಡೆಗಣಿಸುತ್ತಾರೆ. ಟೈರ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ನಯವಾದ ಡಾಂಬರಿನಲ್ಲಿ ಹುಟ್ಟಿದ್ದು. ಜಲ್ಲಿ ದಾರಿಯಲ್ಲಿ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಾಗಲೆಲ್ಲ ಹಿಡಿತ ತಪ್ಪುತ್ತದೆ, ನೀವು ತುಳಿದ ಶಕ್ತಿ ಮೇಲಕ್ಕೆ ಹಾರಿ ಹೋಗುತ್ತದೆ, ಬೆನ್ನು ಮತ್ತು ಅಂಗೈ ನೋಯುತ್ತವೆ.

65ರಿಂದ 70 ಕೆಜಿ ತೂಕದವರು 40 ಮಿ.ಮೀ. ಟೈರ್‌ಗೆ, ಒಳಗೆ ಟ್ಯೂಬ್ ಇದ್ದರೆ 40 ಪಿಎಸ್ಐ ಸುತ್ತಮುತ್ತ, ಟ್ಯೂಬ್‌ಲೆಸ್ ಆದರೆ 32ರ ಸುತ್ತಮುತ್ತ ಶುರು ಮಾಡಿ. ಮುಂದಿನ ಚಕ್ರಕ್ಕೆ ಎರಡು ಮೂರು ಪಿಎಸ್ಐ ಕಡಿಮೆ ಇರಲಿ. ನಿಮ್ಮ ತೂಕ ಹೆಚ್ಚಿದ್ದರೆ ಸ್ವಲ್ಪ ಏರಿಸಿ. ಒಂದೇ ದಾರಿಯಲ್ಲಿ ಬೇರೆ ಬೇರೆ ಒತ್ತಡದಲ್ಲಿ ಓಡಿಸಿ ನೋಡಿ, ಡೈರಿಯಲ್ಲಿ ಬರೆದಿಡಿ. ಕಲ್ಲಿಗೆ ರಿಮ್ ತಗುಲಿ 'ಟಕ್' ಎಂದರೆ ಗಾಳಿ ಸಾಲದು ಎಂದರ್ಥ. ಟ್ಯೂಬ್ ಇದ್ದಾಗ ಹೀಗೆ ತಗುಲಿದರೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಟ್ಯೂಬ್‌ಲೆಸ್‌ನ ದೊಡ್ಡ ಲಾಭ ಇಲ್ಲಿದೆ. ಹೀಗೆ ತೂತಾಗಲು ಒಳಗೆ ಟ್ಯೂಬೇ ಇಲ್ಲ, ಜೊತೆಗೆ ಒಳಗಿನ ಸೀಲಂಟ್ ದ್ರವ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ. ನಮ್ಮ ಸೆಖೆಗೆ ಅದು ಒಣಗುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ತುಂಬಿಸಿ.

5. ಗೇರ್ ಲೆಕ್ಕ ಅಂಗಡಿಯಲ್ಲೇ ಮುಗಿಸಿ

ಮುಂದಿನ ಚಿಕ್ಕ ಚೈನ್‌ರಿಂಗ್‌ನ ಹಲ್ಲು ಎಣಿಸಿ. ಹಿಂದಿನ ಗೇರ್ ಗುಚ್ಛದ (ಕ್ಯಾಸೆಟ್) ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. ಎರಡೂ 34 ಇದ್ದರೆ ಪೆಡಲ್ ಒಂದು ಸುತ್ತು ಹಾಕಿದಾಗ ಚಕ್ರವೂ ಒಂದೇ ಸುತ್ತು, ಸುಮಾರು 2.2 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 8 ಕಿಲೋಮೀಟರ್. ಎಸ್ಟೇಟ್ ದಾರಿಗಳ ಕಡಿದಾದ ಏರಿನಲ್ಲಿ ಹೊಸಬರಿಗೆ ಇದಕ್ಕಿಂತ ಹೆಚ್ಚು ವೇಗ ಬೇಕಿಲ್ಲ. ಹಿಂದಿನ ಹಲ್ಲು ಮುಂದಿನದಕ್ಕಿಂತ ಕಡಿಮೆ ಇದ್ದರೆ ಕ್ಯಾಸೆಟ್ ಬದಲಾಯಿಸಿ. ಮೊಣಕಾಲು ಉಳಿಯುತ್ತದೆ.

6. ವಾರಕ್ಕೆ ಮೂರು ರೈಡ್, ತಪ್ಪದೆ

ಎರಡು ಚಿಕ್ಕ ರೈಡ್ ವಾರದ ನಡುವೆ, ಒಂದು ದೊಡ್ಡದು ವಾರಾಂತ್ಯದಲ್ಲಿ. ವಾರದ ದಿನಗಳಲ್ಲಿ ಬೆಳಗ್ಗೆ ಐದೂವರೆಗೆ ಹೊರಟು ಆರೂವರೆಗೆ ಮನೆ ಸೇರಿ. ಮೊದಲನೆಯದನ್ನು ಆರಾಮವಾಗಿ ಓಡಿಸಿ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ. ಎರಡನೆಯದರಲ್ಲಿ ನಾಲ್ಕು ನಿಮಿಷ ಜೋರು, ನಾಲ್ಕು ನಿಮಿಷ ನಿಧಾನ, ಇದನ್ನು ನಾಲ್ಕೈದು ಸಲ ಮಾಡಿ. ಫ್ಲೈಓವರ್ ಏರು ಇದಕ್ಕೆ ಚೆನ್ನಾಗಿ ಒದಗುತ್ತದೆ.

ವಾರಾಂತ್ಯದ ರೈಡ್ 20 ಕಿಲೋಮೀಟರಿನಿಂದ ಶುರುವಾಗಲಿ. ಪ್ರತಿ ವಾರ ಮೂರು ನಾಲ್ಕು ಕಿಲೋಮೀಟರ್ ಸೇರಿಸಿ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ. ದೇಹ ಗಟ್ಟಿಯಾಗುವುದು ತುಳಿಯುವಾಗ ಅಲ್ಲ, ತುಳಿದ ಮೇಲೆ ವಿಶ್ರಾಂತಿ ಪಡೆಯುವಾಗ. ಹತ್ತನೇ ವಾರಕ್ಕೆ 45 ಕಿಲೋಮೀಟರ್ ಮಣ್ಣುದಾರಿ ಮುಗಿಸಿದ್ದರೆ ನೀವು ಟ್ರ್ಯಾಕ್‌ನಲ್ಲಿದ್ದೀರಿ. ಹನ್ನೊಂದನೇ ವಾರದಲ್ಲಿ ಅದನ್ನೇ ಸಾಮಾನೆಲ್ಲ ಹೊತ್ತು ಒಮ್ಮೆ ಓಡಿಸಿ. ಅಂದರೆ ರೈಡಿನ ದಿನ ಒಯ್ಯುವ ಬ್ಯಾಗು, ನೀರು, ಪಂಪು ಎಲ್ಲ. ಕೊನೆಯ ವಾರ ಸುಮ್ಮನೆ ಕಾಲಾಡಿಸಿ ಸಾಕು.

ಎಲ್ಲಿ ಅಭ್ಯಾಸ ಮಾಡುವುದು? ಬೆಂಗಳೂರಿನವರಿಗೆ ಹೆಸರಘಟ್ಟ, ಆವತಿ, ಮಂಚನಬೆಲೆ ಸುತ್ತಿನ ಹಳ್ಳಿದಾರಿಗಳಿವೆ. ಬೇರೆ ಊರಿನವರು ನಿಮ್ಮ ಕೆರೆ ಏರಿ ಹುಡುಕಿ. ಮಂಡ್ಯ, ದಾವಣಗೆರೆ, ಕೊಪ್ಪಳ, ರಾಯಚೂರು ಕಡೆಯವರಿಗೆ ನಾಲೆ ಪಕ್ಕದ ಮಣ್ಣುದಾರಿಗಳಿವೆ: ಮಟ್ಟಸ, ಉದ್ದ, ವಾಹನ ವಿರಳ. ಒಂದು ಕಡ್ಡಾಯ ಎಚ್ಚರಿಕೆ. ಬಹಳ ಕಡೆ ನಾಲೆಗೆ ತಡೆಗೋಡೆ ಇಲ್ಲ. ವಿಶ್ವೇಶ್ವರಯ್ಯ ನಾಲೆಗೆ ವಾಹನ ಉರುಳಿ ಜನ ಸತ್ತಿರುವುದನ್ನು ನೀವು ಪೇಪರಿನಲ್ಲಿ ಓದಿದ್ದೀರಿ. ನೀರಿನ ಬದಿ ಬಿಟ್ಟು ಹೊಲದ ಬದಿಯಲ್ಲೇ ಓಡಿಸಿ. ಬೆಳಕು ಹರಿಯುವ ಮೊದಲು ನಾಲೆ ದಾರಿಗೆ ಇಳಿಯಬೇಡಿ.

7. ನೆಲ ಓದುವುದನ್ನು ಕಲಿಯಿರಿ

ಫಿಟ್‌ನೆಸ್ ನಿಮ್ಮನ್ನು ಗುಡ್ಡ ಹತ್ತಿಸುತ್ತದೆ. ನೆಲ ಓದುವ ಕಣ್ಣು ಸುರಕ್ಷಿತವಾಗಿ ಕೆಳಗಿಳಿಸುತ್ತದೆ.

ಜೀಪು ಓಡಾಡಿದ ದಾರಿಯಲ್ಲಿ ಎರಡು ಗಾಲಿ ಜಾಡು, ನಡುವೆ ಹುಲ್ಲಿನ ದಿಬ್ಬ ಇರುತ್ತದೆ. ಒಂದು ಜಾಡು ಹಿಡಿದ ಮೇಲೆ ಅದರಲ್ಲೇ ಇರಿ. ಬದಲಾಯಿಸಲೇಬೇಕಾದರೆ ವೇಗ ತಗ್ಗಿಸಿ, ದಿಬ್ಬವನ್ನು ಲಂಬಕ್ಕೆ ಹತ್ತಿರವಾದ ಕೋನದಲ್ಲಿ ದಾಟಿ. ಓರೆಯಾಗಿ ಸವರಿಕೊಂಡು ಹೋದರೆ ಮುಂದಿನ ಚಕ್ರ ಅಂಚಿಗೆ ಸಿಕ್ಕಿ ಜಾರುತ್ತದೆ. ತಿರುವುಗಳಲ್ಲಿ ಗಾಡಿಗಳ ಚಕ್ರ ಜಲ್ಲಿಯನ್ನು ಹೊರಬದಿಗೆ ತಳ್ಳಿ ಗುಡ್ಡೆ ಹಾಕಿರುತ್ತದೆ. ಆ ಗುಡ್ಡೆಗೆ ಹೋಗಬೇಡಿ. ಗಟ್ಟಿಯಾಗಿ ತುಳಿದ ಒಳಜಾಡಿನಲ್ಲಿ ತಿರುಗಿ.

ಎಸ್ಟೇಟ್‌ಗಳ ಕಡಿದಾದ ಏರುಗಳಲ್ಲಿ ಎರಡು ಕಾಂಕ್ರೀಟ್ ಪಟ್ಟಿ ಹಾಕಿರುತ್ತಾರೆ. ನೆರಳಿನಲ್ಲಿ, ನೀರು ಜಿನುಗುವ ಕಡೆ ಅದರ ಮೇಲೆ ಕಪ್ಪು ಹಸಿರು ಪಾಚಿ ಕಟ್ಟಿರುತ್ತದೆ. ಬಿಸಿಲಿನ ತಿಂಗಳಲ್ಲೂ ಬೆಳಗ್ಗೆ ಹತ್ತರವರೆಗೆ ಇದು ಎಣ್ಣೆ ಸವರಿದ ಕಾವಲಿಯಂತೆ ಜಾರುತ್ತದೆ. ಅಲ್ಲಿ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಪಾಚಿ ಕಂಡ ತಕ್ಷಣ, ಅದರ ಮೇಲೆ ಹೋಗುವ ಮೊದಲೇ ವೇಗ ಇಳಿಸಿ, ನೇರವಾಗಿ ದಾಟಿ. ಸಂಶಯ ಬಂದರೆ ಇಳಿದು ತಳ್ಳಿ. ತಳ್ಳುವುದು ಸೋಲಲ್ಲ, ಅದೂ ರೈಡಿನ ಭಾಗವೇ.

ಇಳಿಜಾರಿನಲ್ಲಿ ಪೃಷ್ಠ ಸೀಟಿನಿಂದ ತುಸು ಎತ್ತಿ ಹಿಂದಕ್ಕೆ ಸರಿಸಿ. ಎರಡು ಪೆಡಲೂ ಒಂದೇ ಮಟ್ಟದಲ್ಲಿರಲಿ. ಮೊಣಕೈ ಸಡಿಲ ಬಿಡಿ. ಬಾಗಿದ ಹ್ಯಾಂಡಲ್ ಇದ್ದರೆ ಅದರ ಕೆಳಭಾಗ ಹಿಡಿಯಿರಿ, ಬ್ರೇಕ್ ಲಿವರ್ ಮೇಲೆ ಒಂದೆರಡು ಬೆರಳು ಸದಾ ಇರಲಿ. ಬ್ರೇಕ್ ಹಾಕುವುದು ತಿರುವಿಗೆ ಮುಂಚೆ. ತಿರುವಿನೊಳಗೆ ಬಿಡಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹತ್ತು ಹದಿನೈದು ಮೀಟರ್ ಆಚೆ ಇರಲಿ. ನೀವು ಎಲ್ಲಿ ನೋಡುತ್ತೀರೋ ಸೈಕಲ್ ಅಲ್ಲಿಗೆ ಹೋಗುತ್ತದೆ. ಗುಂಡಿ ನೋಡುತ್ತಾ ಹೋದವರು ಗುಂಡಿಗೇ ಇಳಿಯುತ್ತಾರೆ.

8. ದಾರಿ ಯಾರದ್ದು ಎಂದು ತಿಳಿದುಕೊಂಡೇ ಹೊರಡಿ

ಖಾಲಿ ದಾರಿ ಎಂದರೆ ಎಲ್ಲರ ದಾರಿ ಎಂದಲ್ಲ. ಮಲೆನಾಡಿನಲ್ಲಿ ಒಂದೇ ಮಣ್ಣುದಾರಿ ಪಂಚಾಯಿತಿ ರಸ್ತೆಯಾಗಿ ಶುರುವಾಗಿ, ಖಾಸಗಿ ಎಸ್ಟೇಟ್ ಹಾಯ್ದು, ಮೀಸಲು ಅರಣ್ಯಕ್ಕೆ ನುಗ್ಗಬಹುದು. ಈ ಮೂರಕ್ಕೂ ನಿಯಮ ಬೇರೆ ಬೇರೆ.

ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎಂದು ಗುರುತಿಸಿದ 'ನಕಾಶೆ ಕಂಡ ದಾರಿ' ಇದ್ದರೆ ಅದು ಸಾರ್ವಜನಿಕ. ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್ ಬಳಸಿ. ರೈತರು ದಿನವೂ ಬಳಸುವ ಆ್ಯಪ್ ಇದು, ಸೈಕಲ್ ಸವಾರರಿಗೂ ಅಷ್ಟೇ ಉಪಯುಕ್ತ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಕಾಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಮೀಸಲು ಅರಣ್ಯದೊಳಗಿನ ಅತಿಕ್ರಮ ಪ್ರವೇಶ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಭದ್ರಾ, ನಾಗರಹೊಳೆ, ಬಂಡೀಪುರ, ಕುದುರೆಮುಖದ ಒಳದಾರಿಗಳು ನಮಗಲ್ಲ. ಯಾರೋ ಹೋಗಿ ಬಂದ ಜಿಪಿಎಸ್ ಟ್ರ್ಯಾಕ್ ಇಂಟರ್ನೆಟ್‌ನಲ್ಲಿ ಸಿಕ್ಕಿತು ಎಂಬುದು ಅನುಮತಿಯಲ್ಲ. ಕಾಡಂಚಿನ ಪಂಚಾಯಿತಿ ರಸ್ತೆಗಳೇ ಒಂದು ಜನ್ಮಕ್ಕೆ ಸಾಕಾಗುವಷ್ಟಿವೆ. ಅವನ್ನೇ ಆರಿಸಿ.

ಎಸ್ಟೇಟ್ ಸಿಕ್ಕರೆ ನಿಲ್ಲಿ, ಇಳಿಯಿರಿ, ಹೆಲ್ಮೆಟ್ ತೆಗೆಯಿರಿ, ಕೇಳಿ. 'ಯಜಮಾನ್ರೇ, ಈ ದಾರೀಲಿ ಆಚೆ ಊರಿಗೆ ಹೋಗ್ಬಹುದಾ?' ಎಂದರೆ ಸಾಕು. ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿ ಸಾಮಾನ್ಯವಾಗಿ ಒಪ್ಪುತ್ತಾರೆ. ಬೇಡ ಎಂದರೆ ವಾದ ಬೇಡ, ನಮಸ್ಕಾರ ಹೇಳಿ ತಿರುಗಿ. ದಾರಿಗೆ ಅಡ್ಡ ಉಣಗೋಲು (ಗಳುಗಳ ಅಡ್ಡಗೇಟು) ಇದ್ದರೆ ಗಳುಗಳನ್ನು ಒಂದೊಂದಾಗಿ ಸರಿಸಿ, ದಾಟಿದ ಮೇಲೆ ಎಲ್ಲವನ್ನೂ ಮೊದಲಿದ್ದ ಗೂಡಿಗೇ ಸೇರಿಸಿ. ಒಂದು ಗಳು ಬಿಟ್ಟರೂ ದನ ನುಗ್ಗಿ ಗದ್ದೆಯೋ ಅಡಿಕೆ ಸಸಿಯೋ ಹಾಳಾಗುತ್ತದೆ. ಕಣದಲ್ಲಿ ಒಣಗಲು ಹರಡಿದ ಕಾಫಿ, ಮೆಣಸಿನ ಮೇಲೆ ಚಕ್ರ ಹಾಯಿಸಬೇಡಿ. ನಿಮ್ಮ ಹಿಂದೆ ಬರುವ ಸವಾರನಿಗೆ ಆ ದಾರಿ ತೆರೆದಿರುತ್ತದೋ ಮುಚ್ಚಿರುತ್ತದೋ ಎಂಬುದು ಈ ಒಂದು ನಿಮಿಷದ ನಡತೆಯ ಮೇಲೆ ನಿಂತಿದೆ.

9. 'ಎಷ್ಟು ದೂರ?' ಎಂದು ಕೇಳಬೇಡಿ

ಮಲೆನಾಡಿನಲ್ಲಿ ಎಲ್ಲವೂ 'ಇಲ್ಲೇ ಹತ್ರ'. ಹಾಗಾಗಿ ಉತ್ತರ ಸ್ಪಷ್ಟವಾಗಿರುವ ಪ್ರಶ್ನೆ ಕೇಳಿ. 'ಅಣ್ಣಾ, ಪಿಕಪ್ ಹೋಗುತ್ತಾ, ಬರೀ ಜೀಪಾ?' 'ಹಳ್ಳಕ್ಕೆ ಸೇತುವೆ ಇದ್ಯಾ?' 'ಮುಂದೆ ಅಂಗಡಿ ಇದ್ಯಾ?' ಪಿಕಪ್ ಹೋಗುವ ದಾರಿಯಲ್ಲಿ ನೀವು ಸಲೀಸಾಗಿ ಓಡಿಸಬಹುದು. ಫೋರ್ ವ್ಹೀಲ್ ಜೀಪಷ್ಟೇ ಹೋಗುತ್ತದೆ ಎಂದರೆ ತಳ್ಳಲು ಸಿದ್ಧರಾಗಿ. ಕಾಲುದಾರಿ ಎಂದರೆ ಬೇರೆ ದಾರಿ ಹುಡುಕಿ.

10. ಕಾಡಿನವರ ಟೈಮ್‌ಟೇಬಲ್ ಗೌರವಿಸಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಡಗು ಎಲ್ಲ ಕಡೆ ಕಾಡಾನೆ ತೋಟಗಳ ನಡುವೆಯೇ ಓಡಾಡುತ್ತದೆ. ಅಲ್ಲಿನ ಜನ ಪ್ರಾಣ ಕಳೆದುಕೊಂಡಿದ್ದಾರೆ. ಇದು ರೋಮಾಂಚನದ ವಿಷಯವಲ್ಲ. ಬೆಳಗ್ಗೆ ಏಳೂವರೆಗಿಂತ ಮೊದಲು ಮಣ್ಣುದಾರಿಗೆ ಇಳಿಯಬೇಡಿ, ಸಂಜೆ ನಾಲ್ಕಕ್ಕೆ ಡಾಂಬರು ಸೇರಿ. ಹಿಂದಿನ ರಾತ್ರಿ ಹೋಂಸ್ಟೇಯವರನ್ನು, ಬೆಳಗ್ಗೆ ತೋಟದ ಲೈನ್ ಮನೆಗಳ ಕಾರ್ಮಿಕರನ್ನು ಕೇಳಿ. ಹಿಂಡು ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಇಯರ್‌ಫೋನ್ ಹಾಕಲೇಬೇಡಿ. ಬಿಸಿ ಲದ್ದಿ, ಈಗಷ್ಟೇ ಮುರಿದ ಬೈನೆ ಮರ ಕಂಡರೆ ಬಂದ ದಾರಿಯಲ್ಲೇ ಹಿಂತಿರುಗಿ.

ಎರಡನೆಯದು ಉಣುಗು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ತೀರ್ಥಹಳ್ಳಿ, ಸಾಗರ, ಸಿದ್ದಾಪುರ, ಕೊಪ್ಪ ಕಡೆ ಹೋಗುವವರು ತರಗೆಲೆ ತುಂಬಿದ ಕಾಡಿನೊಳಗೆ ಕೂರಬೇಡಿ, ಮಲಗಬೇಡಿ. ಅಲ್ಲಿ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ರೈಡ್ ಮುಗಿದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಮೈ ಪೂರ್ತಿ ನೋಡಿಕೊಳ್ಳಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಹೇಳಿ.

ಉಂಬಳಕ್ಕೆ (ಜಿಗಣೆಗೆ) ಇಷ್ಟು ಭಯ ಬೇಡ. ಸುಣ್ಣವೋ ಉಪ್ಪೋ ಸಣ್ಣ ಪೊಟ್ಟಣದಲ್ಲಿರಲಿ.

11. ಹಸಿವಾಗುವ ಮೊದಲು ತಿನ್ನಿ

ಅರ್ಧ ಗಂಟೆಗೊಮ್ಮೆ ಅಲಾರಂ ಇಡಿ. ಬಾರಿಸಿದಾಗಲೆಲ್ಲ ಒಂದು ತುತ್ತು, ನಾಲ್ಕು ಗುಟುಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅರ್ಧದಿಂದ ಮುಕ್ಕಾಲು ಲೀಟರ್ ನೀರು ನಿಮ್ಮ ಲೆಕ್ಕ. ಒಂದು ಬಾಳೆಹಣ್ಣು, ಒಂದು ಕಡಲೆ ಚಿಕ್ಕಿ ಸೇರಿದರೆ ಗಂಟೆಯ ಪಾಲು ಹೆಚ್ಚುಕಡಿಮೆ ಮುಗಿಯಿತು. ವಿದೇಶಿ ಜೆಲ್ ಪ್ಯಾಕೆಟ್ ಬೇಕಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿದರೆ ಓಆರ್‌ಎಸ್ ರೆಡಿ. ಹೊಸ ತಿನಿಸನ್ನು ರೈಡಿನ ದಿನ ಪ್ರಯೋಗಿಸಬೇಡಿ, ಅಭ್ಯಾಸದ ವಾರಗಳಲ್ಲೇ ತಿಂದು ನೋಡಿ.

12. ರಿಪೇರಿ ನಿಮ್ಮ ಕೈಯಲ್ಲೇ ಇರಲಿ

ಒಂದು ಸ್ಪೇರ್ ಟ್ಯೂಬ್ ಅಲ್ಲ, ಎರಡು. ಪ್ಯಾಚ್ ಕಿಟ್, ಟೈರ್ ಲಿವರ್, ಹ್ಯಾಂಡ್ ಪಂಪ್, ಚೈನ್ ಕಟರ್ ಇರುವ ಮಲ್ಟಿಟೂಲ್, ಚೈನಿನ ಕ್ವಿಕ್ ಲಿಂಕ್, ನಾಲ್ಕು ಕೇಬಲ್ ಟೈ. ಜೊತೆಗೆ ಬೆರಳ ತುದಿಯಷ್ಟಿರುವ ಹಿತ್ತಾಳೆ ವಾಲ್ವ್ ಅಡಾಪ್ಟರ್. ಗ್ರಾವೆಲ್ ಮತ್ತು ರೋಡ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣ ಕುತ್ತಿಗೆಯ ಪ್ರೆಸ್ಟಾ ವಾಲ್ವ್ ಇರುತ್ತದೆ. ಊರಿನ ಪಂಕ್ಚರ್ ಅಂಗಡಿಯ, ಪೆಟ್ರೋಲ್ ಬಂಕ್‌ನ ಗಾಳಿ ನಳಿಗೆ ಅದಕ್ಕೆ ಕೂರುವುದೇ ಇಲ್ಲ. ಈ ಅಡಾಪ್ಟರ್ ತಿರುಪಿದರೆ ಕೂರುತ್ತದೆ. ಅದನ್ನು ವಾಲ್ವ್‌ಗೇ ತಿರುಪಿ ಇಟ್ಟುಬಿಡಿ, ಕಳೆಯುವುದಿಲ್ಲ.

ಬರೀ ಸಾಮಾನು ಹೊತ್ತರೆ ಸಾಲದು. ಮನೆಯಲ್ಲಿ ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಮತ್ತೆ ಕೂರಿಸಿ. ಹದಿನೈದು ನಿಮಿಷದೊಳಗೆ ಆಗುವವರೆಗೆ ಮತ್ತೆ ಮತ್ತೆ ಮಾಡಿ. ವಾಹನವಿಲ್ಲದ ದಾರಿಯ ಇನ್ನೊಂದು ಅರ್ಥ, ಲಿಫ್ಟ್ ಕೊಡುವ ವಾಹನವೂ ಇಲ್ಲ.

ಇನ್ನು, ಮಲೆನಾಡಿನವರೆಗೆ ಸೈಕಲ್ ಒಯ್ಯಲು ಕಾರು ಬೇಕೆಂದಿಲ್ಲ. ಬೆಂಗಳೂರು-ಮಂಗಳೂರು ರೈಲುಮಾರ್ಗದಲ್ಲಿ ಸಕಲೇಶಪುರ ನಿಲ್ದಾಣವಿದೆ. ಪಾರ್ಸೆಲ್ ಆಫೀಸಿಗೆ ಮುಂಚಿತವಾಗಿ ಹೋಗಿ ವಿಚಾರಿಸಿ ಲಗೇಜ್ ವ್ಯಾನ್‌ಗೆ ಬುಕ್ ಮಾಡಿ. ಪೆಡಲ್ ಬಿಚ್ಚಿಡಿ, ಹಿಂದಿನ ಗೇರ್ ಯಂತ್ರಕ್ಕೆ ರಟ್ಟು ಕಟ್ಟಿ.

13. ಹಿಂತಿರುಗುವ ಗಂಟೆಯನ್ನು ಹೊರಡುವ ಮೊದಲೇ ಬರೆಯಿರಿ

ಏಳೂವರೆಗೆ ಹೊರಟಿರಿ. ಹನ್ನೊಂದೂವರೆಗೆ ಅರ್ಧ ದೂರ ಆಗದಿದ್ದರೆ ಹತ್ತಿರದ ಡಾಂಬರು ಹಿಡಿದು ಮರಳಿ. ಈ ತೀರ್ಮಾನ ಹಿಂದಿನ ರಾತ್ರಿ ಕಾಗದದ ಮೇಲೆ ಆಗಿರಬೇಕು. ದಣಿದ ತಲೆ ದಾರಿಯ ಮಧ್ಯೆ 'ಇನ್ನೊಂದು ಏರು ಅಷ್ಟೇ' ಎನ್ನುತ್ತದೆ. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಣಿವೆಯಲ್ಲಿ ಐದಕ್ಕೇ ಕತ್ತಲು. ಬಿಟ್ಟು ಬಂದ ದಾರಿ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ.

ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಳ್ಳಿ. ಕೊನೆಯ ಸಿಗ್ನಲ್ ಸಿಗುವಲ್ಲಿ ಮನೆಗೆ ಮೆಸೇಜ್ ಹಾಕಿ: ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತೀರಿ, ಸೇರದಿದ್ದರೆ ಯಾರಿಗೆ ಫೋನ್ ಮಾಡಬೇಕು. ತುರ್ತು ಸಂಖ್ಯೆ 112. ಮೊದಲ ರೈಡ್ ಒಬ್ಬರೇ ಹೋಗಬೇಡಿ.

14. ಮುಗಿಸಿದ ರಾತ್ರಿಯೇ ಬರೆದಿಡಿ

ಎಲ್ಲಿ ನೀರು ಸಿಕ್ಕಿತು, ಯಾವ ಹಳ್ಳಕ್ಕೆ ಸೇತುವೆ ಇಲ್ಲ, ಯಾವ ಎಸ್ಟೇಟಿನಲ್ಲಿ ಅನುಮತಿ ಬೇಕು, ಟೈರ್‌ನಲ್ಲಿ ಎಷ್ಟು ಗಾಳಿ ಇತ್ತು, ಎಷ್ಟು ಗಂಟೆಗೆ ಸುಸ್ತಾಯಿತು. ಒಂದು ಪುಟ ಸಾಕು. ಮಲೆನಾಡಿನ ಒಳದಾರಿಗಳ ಬಗ್ಗೆ ಕನ್ನಡದಲ್ಲಿ ಇಂಥ ಮಾಹಿತಿ ತೀರಾ ಕಡಿಮೆ. ಅದನ್ನು ಬರೆಯಬಲ್ಲವರು ಆ ದಾರಿಯಲ್ಲಿ ಹೋಗಿ ಬಂದವರೇ. ಆ ಪುಟವನ್ನು ನಿಮ್ಮ ಕಾಲೇಜಿನ, ಆಫೀಸಿನ ಒಬ್ಬ ಹೊಸಬರಿಗೆ ಕೊಡಿ, ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ.